ಬಿಟ್ಟುಕೊಟ್ಟ ವಾದ

‘ಮೆಟಲ್’ ಎಂದು ಚೀಟಿ ಅಂಟಿಸಿದ ಸಾಲಿನಲ್ಲಿ ಭಾವನ ಬೆರಳು ತಟ್ಟನೆ ನಿಂತಿತು. ರೆಕಾರ್ಡ್ ಅಂಗಡಿಯವನು ಗಲ್ಲಾದ ಹಿಂದಿನಿಂದಲೇ ಓರೆಗಣ್ಣಿನಲ್ಲಿ ನೋಡಿದ.

ಅಲ್ಲಿದ್ದ ಹಳೇ ಬ್ಯಾಂಡಿನ ರೆಕಾರ್ಡು ಯಾವ ಬಗೆಯ ಸಂಗೀತ ಎಂದು ಇಬ್ಬರದೂ ಇಪ್ಪತ್ತು ವರ್ಷದ ಜಗಳ. ಇವನು ಅದನ್ನು ‘ರಾಕ್’ ಸಾಲಿನಲ್ಲಿಡುವುದು, ಭಾವ ಬಂದಾಗಲೆಲ್ಲ ಕಿತ್ತು ‘ಮೆಟಲ್’ಗೆ ಸೇರಿಸುವುದು. ಇವತ್ತು, ರಿಪೋರ್ಟು ತೋರಿಸಿ ಆಸ್ಪತ್ರೆಯಿಂದ ಬರುವ ಭಾವನಿಗೆ ಖುಷಿಯಾಗಲೆಂದು ಇವನೇ ಅದನ್ನು ‘ಮೆಟಲ್’ ಸಾಲಿನಲ್ಲಿಟ್ಟಿದ್ದ.

“ಇದನ್ನ ಇಲ್ಲಿ ಯಾರಿಟ್ಟಿದ್ದು?”

“ನಾನೇ ಭಾವ. ಯೋಚನೆ ಮಾಡ್ದೆ, ನೀವು ಹೇಳಿದ್ದೇ ಸರಿ. ಆ ಗಿಟಾರಿನ ಅಬ್ಬರ ಮೆಟಲ್ಲೇ.”

ಭಾವ ನಗಲಿಲ್ಲ. ರೆಕಾರ್ಡನ್ನು ಎದೆಗವಚಿಕೊಂಡು ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತ.

“ನನಗೆ ಏನೂ ಇಲ್ಲ ಅಂದ್ರು ಡಾಕ್ಟರು,” ಎಂದ. “ನಿಜ ಹೇಳು, ನಿನ್ ಹತ್ರ ಏನಂದ್ರು?”