ಪ್ರದರ್ಶನದ ಅಂಗಳ

ಈಗಲೂ ಎಲ್ಲಾದರೂ ಹಸಿ ಸೆಗಣಿಯ ವಾಸನೆ ಮೂಗಿಗೆ ಬಡಿದರೆ, ವಡಾಲದ ಮೈದಾನದ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಪುಷ್ಪ ಪ್ರದರ್ಶನಕ್ಕೆಂದು, ದುಡಿಯಲು ಶಹರಕ್ಕೆ ಬಂದಿದ್ದ ನಮ್ಮ ಊರಿನವರು ಅಲ್ಲೊಂದು ‘ಹಳೇ ಕಾಲದ ಅಂಗಳ’ ಕಟ್ಟುತ್ತಿದ್ದರು. ನಡುವೆ ತುಳಸಿಕಟ್ಟೆ, ಸುತ್ತ ಅಬ್ಬಲಿಗೆ ಗಿಡಗಳು, ಕೊನೆಗೆ ಗ್ರಾಂಟ್ ರೋಡಿನ ಗುಜರಿಯಿಂದ ತಂದು ನಿಲ್ಲಿಸಿದ ಕೆತ್ತನೆಯ ಬಾಗಿಲು. ನೆಲ ಸಾರಿಸಲು ಅಮ್ಮನನ್ನು ಕರೆದಿದ್ದರು. ಊರು ಬಿಟ್ಟ ಮೇಲೆ ಚಾಳಿನ ಕೋಣೆಯಲ್ಲಿ ಅವಳ ಮಾತು ತೀರಾ ಕಮ್ಮಿಯಾಗಿತ್ತು. ಅಂದು ಮಾತ್ರ ಸೀರೆ ಎತ್ತಿ ಕಟ್ಟಿ, ನೆಲದ ಹತ್ತಿರವೇ ಏನೋ ಹೇಳಿಕೊಳ್ಳುತ್ತ ಸಾರಿಸಿದಳು.

“ಬಸ್ ಕರೋ ಬಾಯಿ, ದೋ ದಿನ್ ಕಾ ಶೋ ಹೈ,” ಎಂದ ಮಾಲಿ, ಎರಡು ದಿನದ ಪ್ರದರ್ಶನಕ್ಕೆ ಇಷ್ಟು ಸಾಕು ಎಂಬಂತೆ.

ಅವಳಿಗೆ ಕೇಳಿಸಲಿಲ್ಲ. ರಂಗೋಲಿ ಮುಗಿಸಿ, ತುಳಸಿಗೆ ನೀರೆರೆದು, ತಲೆಯೆತ್ತದೆ ನನಗೆ ಹೇಳಿದಳು: “ಒಳಗೆ ಹೋಗಿ ಕುಂಕುಮದ ಕರಡಿಗೆ ತಕೊಂಡು ಬಾ ಮಗಾ.”

ನಾನು ಓಡಿಹೋಗಿ ಬಾಗಿಲು ತಳ್ಳಿ ದಾಟಿದೆ. ಆಚೆ ‘ಒಳಗೆ’ ಎಂಬುದೆಲ್ಲಿತ್ತು? ಬರೀ ಮೈದಾನ, ಅದರಾಚೆ ಹೋಗುತ್ತಿದ್ದ ಲೋಕಲ್ ರೈಲು.

ತಿರುಗಿ ನೋಡಿದರೆ ಅಮ್ಮ ತುಳಸಿಯೆದುರು ಇನ್ನೂ ಕೈ ಚಾಚಿಕೊಂಡೇ ಕೂತಿದ್ದಳು. ಬರಿಗೈಯಲ್ಲಿ ಹೇಗೆ ಹೋಗುವುದೆಂದು ತಿಳಿಯದೆ, ನಾನು ಬಾಗಿಲ ಆಚೆಯೇ ನಿಂತೆ.