ಹೂ ಮುಗಿದ ಗುರುವಾರ

ಗೇಟಿನ ಚಿಲಕ ಸರಿದ ಸದ್ದಾದಾಗ ನೀಲಾಂಬಿಕಾ ಕಿಟಕಿಯ ಹತ್ತಿರವೇ ನಿಂತಿದ್ದಳು. ಗುರುವಾರ. ಬಂದವಳು ಮಂಜವ್ವ ಎಂದು ನೋಡದೆಯೂ ಗೊತ್ತಿತ್ತು. ಪಡಸಾಲೆಯ ಕುಂಡದ ಸೇವಂತಿಗೆಯಲ್ಲಿ ಮಾತ್ರ ಕೊಡಲು ಒಂದೂ ಹೂವಿರಲಿಲ್ಲ. ವಾರವೆಲ್ಲ, ಇನ್ನೊಂದು ಮೊಗ್ಗಾದರೂ ಬರಲಿ ಎಂದು ಅವಳು ಬೆಳಿಗ್ಗೆ ಸಂಜೆ ನೀರು ಸುರಿದಿದ್ದಳು. ಬಂದದ್ದು ಮೊಗ್ಗಲ್ಲ, ಬುಡದಿಂದ ಮೇಲಕ್ಕೆ ಎಲೆಗಳು ಕಪ್ಪಾಗುತ್ತ ಬಂದಿದ್ದವು. ಇಂದು ಇಲ್ಲವೆಂದರೆ, ಮುಂದಿನ ವಾರದಿಂದ ಈ ಗೇಟು ತೆರೆಯುವವನು ಹಾಲಿನವನೊಬ್ಬನೇ.

ಅವಳ ಗಂಡ ಪ್ರಭು ತೀರಿಕೊಂಡದ್ದು ಮಳೆಗಾಲದಲ್ಲಿ. ದೀಪಾವಳಿಗೆ ಗಿಡ ಎಂದಿನ ಹಾಗೆ ಹಳದಿ ಹೂ ಹೊತ್ತು ನಿಂತಿತು. ಪ್ರತಿವರ್ಷ ಬುಟ್ಟಿ ಹಿಡಿದು ಬರುತ್ತಿದ್ದ ಓಣಿಯ ಹೆಂಗಸರು ಬರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಶಿಗ್ಗಾಂವಿಯ ಪೇಟೆಯಲ್ಲಿ ಹೂ ಕೊಂಡರು, ಅಷ್ಟೇ. ಎದುರು ಸಿಕ್ಕರೆ ಆಸ್ಪತ್ರೆಯ ಮಂಚದ ಪಕ್ಕ ನಿಂತು ಆಡುವ ದನಿಯಲ್ಲಿ ಎರಡು ಮಾತಾಡಿ ದಾಟಿಹೋಗುತ್ತಿದ್ದರು. ಹಳೆಯ ಹಾಗೆಯೇ ಬಂದವಳು ಹಿಂದಿನ ಓಣಿಯ ಮಂಜವ್ವ ಒಬ್ಬಳು. ಗುರುವಾರ ಗುರುವಾರ ಹುಲಗೂರಿನ ದರ್ಗಾಕ್ಕೆ ಹೋಗುವಾಕೆ. ಹೂ ಕೊಡು ಎಂದು ಕೇಳುವ ಪೈಕಿಯಲ್ಲ. ತಾನೇ ಕಿತ್ತು ಸೆರಗಿಗೆ ಕಟ್ಟಿಕೊಂಡು, ಕುಂಡ ಸಣ್ಣದಾಯಿತೆಂದು, ಎಮ್ಮೆ ಓದಿದವರ ಮನೆ ಕಸ ನೋಡಿ ಎಂದು ಬೈದು, ಬಸ್ಸಿಗೆ ಓಡುವಳು. ಓದಿದ್ದು ಎಮ್ಮೆಯಲ್ಲ, ಎಂ.ಎ. ಎಂದು ಪ್ರಭು ನಗುತ್ತಿದ್ದ. ಆ ಬೈಗುಳಕ್ಕಾಗಿ ನೀಲಾಂಬಿಕಾ ವಾರವಿಡೀ ಕಾಯುತ್ತಾಳೆಂಬುದು ಯಾರಿಗೂ ತಿಳಿಯದು.

"ಹೂ ಮುಗದಾವ, ದೊಡ್ಡವ್ವ," ಎಂದಳು.

"ನನಗೂ ಕಣ್ಣ ಅದಾವ."

ಮಂಜವ್ವ ಚಪ್ಪಲಿ ಬಿಟ್ಟು ಕುಂಡದ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು. ಮಣ್ಣಿಗೆ ಬೆರಳು ಇಳಿಸಿ, ತೆಗೆದು, ಆ ಬೆರಳನ್ನೇ ನೀಲಾಂಬಿಕೆಗೆ ತೋರಿಸಿದಳು. "ಇದೇನವಾ ಇದು, ಗದ್ದಿ ಮಾಡಿ ಇಟ್ಟಿಯಲ್ಲ. ಭತ್ತ ಹಚ್ಚಾಕಿ ಏನ?"

ಚೀಲದಿಂದ ಅವಳು ತೆಗೆದದ್ದು ದರ್ಗಾಕ್ಕೆ ಒಯ್ಯುವ ಸಕ್ಕರೆ, ಊದಿನಕಡ್ಡಿಯಲ್ಲ. ಒಣಗಿಸಿ ಕುಟ್ಟಿದ ಕುರಿಹಿಕ್ಕೆ ಗೊಬ್ಬರದ ಗಂಟು. ಕತ್ತರಿ ತರಿಸಿಕೊಂಡಳು. ಬಸ್ಸು ತಪ್ಪುತ್ತದೆ ಎಂದರೆ ಇನ್ನೊಂದು ಬರುತ್ತದೆ ಎಂದಳು. ಒಣಗಿದ ಹೂಗಳ ಗೊಂಚಲನ್ನು ಎಡಗೈಯಲ್ಲಿ ಹಿಡಿದು, ಇವನ್ನಷ್ಟೇ ಚಿವುಟಿದರೆ ಸಾಲದು ಎಂದು ವಿವರಿಸತೊಡಗಿದಳು. "ಹೂ ಮುಗದ ಮ್ಯಾಲ ಇದನ್ನ ಪೂರಾ ಬೋ..."

ಮಾತು ಅಲ್ಲಿಗೇ ನಿಂತಿತು. ಕತ್ತರಿಯೂ ನಿಂತಿತು. ಅರವತ್ತು ವರ್ಷ ಯಾರ ಮುಂದೆಯೂ ಮಾತು ಹುಡುಕದ ಬಾಯಿ ಈಗ ಬೇರೆ ಮಾತಿಗಾಗಿ ತಡಕಾಡಿತು. "ಪೂರಾ... ಗಿಡ್ಡ ಮಾಡಬೇಕು," ಎಂದು ಸಣ್ಣ ದನಿಯಲ್ಲಿ ಮುಗಿಸಿ, ಮಂಜವ್ವ ಮಣ್ಣು ನೋಡುತ್ತ ಕೂತಳು.

ನೀಲಾಂಬಿಕಾ ಪಕ್ಕದಲ್ಲಿ ಕೂತಳು. "ಬೋಳ ಮಾಡಬೇಕು ಅನ್ನು, ದೊಡ್ಡವ್ವ. ಗಿಡಕ್ಕ ಅಂದಿ. ನನಗಲ್ಲ."

"ನಿನಗ ಅನ್ನಾಕ ಯಾವಾಕಿ ಬರ್ತಾಳ ಬರ್ಲಿ. ಈ ಕತ್ರಿನ ಅಕಿ ಬಾಯಾಗ ಹಾಕ್ತೇನಿ."

ನೀಲಾಂಬಿಕೆಗೆ ನಗು ಬಂತು. ಬಂದದ್ದು ನಗುವೇ ಎಂದು ತಿಳಿಯಲು ಅವಳಿಗೇ ಒಂದು ಗಳಿಗೆ ಬೇಕಾಯಿತು.

ಇಬ್ಬರೂ ಸೇರಿ ಕತ್ತರಿಸಿದರು. ನಾಲ್ಕು ಬೆರಳಷ್ಟು ಕಡ್ಡಿ ಉಳಿಯಿತು. ಕಪ್ಪು ಎಲೆಗಳನ್ನೆಲ್ಲ ತೆಗೆದ ಮೇಲೆ ಬುಡದ ಸುತ್ತ ಮಣ್ಣು ಸೀಳಿಕೊಂಡು ಎದ್ದ ಮರಿಗಳು ಕಂಡವು. ಮಂಜವ್ವ ಗೊಬ್ಬರ ಉದುರಿಸಿ, ಮಣ್ಣು ಒಣಗುವ ತನಕ ನೀರಿನ ಚೊಂಬು ಮುಟ್ಟಕೂಡದು ಎಂದು ತಾಕೀತು ಮಾಡಿ, ಕುಂಡವನ್ನು ಬೆಳಗಿನ ಬಿಸಿಲಷ್ಟೇ ಬೀಳುವ ಮೂಲೆಗೆ ಸರಿಸಿದಳು. ಮರಿಗಳು ಗೇಣುದ್ದವಾದಾಗ ಬಿಡಿಸಿ ಬೇರೆ ಕುಂಡಕ್ಕೆ ಹಚ್ಚಬೇಕಂತೆ.

ಸೆರಗು ಕೊಡವಿ ಎದ್ದವಳನ್ನು ನೋಡಿ ನೀಲಾಂಬಿಕೆಗೆ ಮತ್ತೆ ಅದೇ ಅಳುಕು. ಗೇಟಿನವರೆಗೂ ಜೊತೆಗೆ ಹೋದಳು. ಹೇಳಬಾರದೆಂದುಕೊಂಡದ್ದನ್ನು ಹೇಳಿಯೇಬಿಟ್ಟಳು.

"ಇನ್ನ ದೀಪಾವಳಿ ತನಕ ಹೂ ಇಲ್ಲ, ದೊಡ್ಡವ್ವ. ನೀ ಸುಮ್ನ ಇಲ್ಲಿ ತನಕ ಯಾಕ..."

ಮಂಜವ್ವ ಚಪ್ಪಲಿ ಮೆಟ್ಟುತ್ತ, ಇಂಥ ದಡ್ಡಿಯನ್ನು ನೋಡಿಯೇ ಇಲ್ಲವೆಂಬಂತೆ ಅವಳತ್ತ ತಿರುಗಿದಳು.

"ಹೂ ಇದ್ದಾಗ ಗಿಡಕ್ಕ ನನ್ನ ಗರಜ ಏನಿತ್ತು?"