ದೀಪದಿಂದ ಬಲಕ್ಕೆ ನಾಲ್ಕಡಿ

“ಅಯ್ಯಯ್ಯೋ, ಆ ಕಡೆ ಅಲ್ರೀ ಮೇಸ್ತ್ರಿ!” ಎಂದು ಹಲ್ಲಿನ ಡಾಕ್ಟರು ಆರಾಮಕುರ್ಚಿಯಿಂದ ಎಗರಿ ನಿಲ್ಲುವಷ್ಟರಲ್ಲಿ, ಸೀಲಿಂಗಿನಿಂದ ತಟ್ಟೆಯಗಲದ ಬಿಲ್ಲೆಯೊಂದು ಕಳಚಿ ಮೇಸ್ತ್ರಿಯ ಕೈಗೆ ಬಂದಾಗಿತ್ತು. ತೂತೇನೋ ದುಂಡಗೆ, ಅಚ್ಚುಕಟ್ಟಾಗಿಯೇ ಇತ್ತು. ಬಿದ್ದದ್ದು ಮಾತ್ರ ಪುಸ್ತಕದ ಕಪಾಟಿನ ನೆತ್ತಿಯ ಮೇಲೆ.

“ದೀಪದಿಂದ ಬಲಕ್ಕೆ ನಾಲ್ಕಡಿ ಅಂತ ನೀವೇ ಅಂದ್ರಲ್ಲ ಡಾಕ್ಟ್ರೇ? ಕಣ್ಣು ಮುಚ್ಕೊಂಡು, ಕಾಲು ಚಾಚ್ಕೊಂಡು?”

“ಬಲ ಅಂದ್ರೆ ನನ್ನ ಬಲ ಅಲ್ರೀ, ಎದುರಿಗಿರೋರ ಬಲ! ಇಪ್ಪತ್ತೆರಡು ವರ್ಷದಿಂದ ರೋಗಿಗಳ ಬಾಯಿ ನೋಡ್ಕೊಂಡು ಹಾಗೇ ಹೇಳಿ ಹೇಳಿ ಅಭ್ಯಾಸ ಆಗಿಬಿಟ್ಟಿದೆ.”

“ನಿಮ್ಮ ಎದುರಿಗೆ ಗೋಡೆ ಇತ್ತು.”

ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಪಾಪ, ದಿನವಿಡೀ ಕೆಳಗಿನ ಕ್ಲಿನಿಕ್ಕಿನಲ್ಲಿ ಡ್ರಿಲ್ಲಿನ ಗುಂಯ್ ಸದ್ದು ಕೇಳಿ ಕೇಳಿ ಕಿವಿ ಕೆಟ್ಟುಹೋದ ಮನುಷ್ಯ. ಸಂಜೆ ಮಹಡಿಗೆ ಬಂದು ಕಣ್ಣು ಮುಚ್ಚಿದರೆ ಮೇಲಿನಿಂದ ಕೊಳಲಿನ ದನಿ ಇಳಿದುಬರಬೇಕು ಎಂಬುದೊಂದೇ ಅವರ ಆಸೆ. ಆರಿಂಚಿನದೋ ಎಂಟಿಂಚಿನದೋ, ದುಂಡಗಿನದೋ ಚೌಕದ್ದೋ ಎಂದು ಮೂರು ತಿಂಗಳು ಅಂಗಡಿ ಅಂಗಡಿ ಅಲೆದು, ಸೀಲಿಂಗಿನ ತೂತಿನೊಳಗೆ ಕೂರಿಸುವ, ಕಿವಿಯ ಕಡೆಗೆ ತುಸು ತಿರುಗಿಸಬಹುದಾದ ಒಂದು ಜೊತೆ ಸ್ಪೀಕರ್ ಆರಿಸಿ ತಂದಿದ್ದರು. ಹೆಂಡತಿ ಹೂಂ ಎಂದಿದ್ದಳು, ಆದರೆ ಒಂದು ಷರತ್ತಿನ ಮೇಲೆ: “ಹೋದ ತಿಂಗಳಷ್ಟೇ ಬಣ್ಣ ಹೊಡೆಸಿದ ಸೀಲಿಂಗು. ಎರಡು ಸ್ಪೀಕರು, ಎರಡೇ ತೂತು. ಮೂರನೇದು ಕಂಡ್ರೆ ಅವೆರಡೂ ಸೀದಾ ಅಂಗಡಿಗೆ ವಾಪಸ್. ಇನ್ನು, ನನ್ನ ದವಡೆಹಲ್ಲಲ್ಲೂ ಒಂದು ತೂತಿದೆ, ನೆನಪಿದೆ ತಾನೆ?” “ನಾಳೆ ನೋಡೋಣ ಕಣೇ,” ಎಂದಿದ್ದರು ಡಾಕ್ಟರು. ಎಂಟು ತಿಂಗಳಿಂದ ಅವರು ಹೇಳುತ್ತ ಬಂದದ್ದೂ ಇದನ್ನೇ. ದೀಪದ ಬುಡದಲ್ಲಿ ಕತ್ತಲು ಅಂತ ಸುಮ್ಮನೆ ಅಂದಿಲ್ಲ.

ಆಕೆ ಸುಮ್ಮನೆ ಹೆದರಿಸುವ ಪೈಕಿಯೂ ಅಲ್ಲ, ಆಕೆಯ ಕಣ್ಣಿಗೆ ಮಣ್ಣೆರಚುವುದೂ ಸುಲಭವಲ್ಲ. ಕೆಲಸವೇ ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಮುನ್ನೂರು ಪುಟದಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಡಿದು ಎಳೆಯುವವಳು. ಬರುವುದು ಐದಕ್ಕೆ. ಈಗ ಎರಡೂವರೆ.

“ಬಿಲ್ಲೆ ವಾಪಸ್ ಕೂರಿಸ್ತೀನಿ,” ಎಂದ ಮೇಸ್ತ್ರಿ. “ಸುತ್ತ ಸಂದಿಗೆ ಪುಟ್ಟಿ ಹಚ್ಚಬೇಕು. ಆದ್ರೆ ಅದು ಒಣಗೋಕೆ ನಾಳೆ ಆಗುತ್ತೆ.”

ಡಾಕ್ಟರ ಮುಖ ತಟ್ಟನೆ ಅರಳಿತು. “ಹಲ್ಲಿನ ಅಚ್ಚು ಮಾಡೋ ಪುಡಿ ಇದೆ ಕಣ್ರೀ! ಹತ್ತೇ ನಿಮಿಷಕ್ಕೆ ಕಲ್ಲಾಗುತ್ತೆ!”

ಓಡಿಹೋಗಿ ಪುಡಿ, ರಬ್ಬರ್ ಬಟ್ಟಲು, ಸಣ್ಣ ಕರಣೆ, ಕನ್ನಡಿ ಎಲ್ಲ ಹೊತ್ತು ತಂದರು. ಮೇಸ್ತ್ರಿ ಒಳಗಿನಿಂದ ಮರದ ಪಟ್ಟಿ ಕೊಟ್ಟು ಬಿಲ್ಲೆ ಕೂರಿಸಿದ. ಡಾಕ್ಟರು ಏಣಿ ಹತ್ತಿ ಸಂದಿ ತುಂಬಿದರು. ಪುಡಿ ಸುಣ್ಣದ ಹಾಗೆ ಬೆಳ್ಳಗೆ, ಸೀಲಿಂಗು ಕೆನೆಬಣ್ಣ. ಅದಕ್ಕೂ ದಾರಿ ಇತ್ತು. ಕಟ್ಟುಹಲ್ಲಿನ ಬಣ್ಣ ಹೊಂದಿಸುವ ಪಟ್ಟಿಯನ್ನು ಸೀಲಿಂಗಿಗೆ ಹಿಡಿದು, ಒಂದೊಂದೇ ಮಾದರಿ ಹಲ್ಲನ್ನು ಪಕ್ಕಕ್ಕಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. “ನಲವತ್ತು ದಾಟಿದವರ ಮುಂದಿನ ಹಲ್ಲು. ದಿನಕ್ಕೆ ಮೂರು ಟೀ. ಒಂದು ಲೋಟ ಟೀ ತನ್ನಿ ಮೇಸ್ತ್ರಿ!”

“ಕುಡಿಯೋಕಾ?”

“ಪುಡಿಗೆ!”

ನಾಲ್ಕು ಹನಿ ಟೀ ಬೆರೆಸಿ ಮೇಲೊಂದು ತೆಳುವಾದ ಲೇಪ ಕೊಟ್ಟರು. ಗಟ್ಟಿಯಾದ ಮೇಲೆ ಉಜ್ಜಿದರು. ಮೇಸ್ತ್ರಿ ಸಾಕು ಸಾಕು ಎಂದರೂ ಕೇಳದೆ ಪಾಲಿಶ್ ಮಾಡಿದರು. ಕೊನೆಗೆ, “ಎರಡು ಗಂಟೆ ಈ ಕಡೆಯಿಂದ ಏನೂ ಅಗಿಯಬೇಡಿ,” ಎಂದು ಸೀಲಿಂಗಿಗೆ ಹೇಳಿ ಕೆಳಗಿಳಿದರು. ಅಷ್ಟೊತ್ತಿಗೆ ನಾಲ್ಕು ಗಂಟೆ. ಆಮೇಲಿನ ಎರಡು ತೂತುಗಳನ್ನು ಮೇಸ್ತ್ರಿ ಡಾಕ್ಟರ ಬಾಯಿ ನಂಬದೆ, ಬೆರಳಲ್ಲಿ ತೋರಿಸಿದ ಜಾಗದಲ್ಲೇ ಕೊರೆದ.

ಐದಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಕೊಳಲು ಮೇಲಿನಿಂದ ಹದವಾಗಿ ಇಳಿಯುತ್ತಿತ್ತು. ಹೆಂಡತಿ ಕತ್ತೆತ್ತಿ “ಒಂದು, ಎರಡು” ಎಂದು ಎಣಿಸಿದಳು. “ಪರವಾಗಿಲ್ವೇ, ಚೆನ್ನಾಗಿದೆ,” ಎಂದಳು. ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಚೀಲ ಇಡಲು ಕಪಾಟಿನ ಹತ್ತಿರ ಹೋದವಳು ಅಲ್ಲೇ ನಿಂತಳು. ಫೋನಿನ ಟಾರ್ಚ್ ಹಚ್ಚಿ ಮೇಲಕ್ಕೆ ಹಿಡಿದಳು.

“ರೀ, ಇಡೀ ಸೀಲಿಂಗು ಒಂದೇ ಥರ ಇದೆ. ಇಲ್ಲಿ ಮಾತ್ರ ಯಾಕೆ ಪಳಪಳ ಅಂತಿದೆ?”

“ಪಾಲಿಶ್ ಬೇಡ ಅಂದೆ ನಾನು,” ಎಂದು ಮೇಸ್ತ್ರಿ ಗೊಣಗಿದ.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಬಲ, ಎಡ, ಪುಡಿ, ಟೀ ಎಲ್ಲ ಹೊರಗೆ ಬಂತು. ಆಕೆ ತುಟಿ ಬಿಗಿಹಿಡಿದು ಎಲ್ಲ ಕೇಳಿಸಿಕೊಂಡು, ಒಂದೇ ಪ್ರಶ್ನೆ ಹಾಕಿದಳು.

“ತುಂಬೋಕೆ ಎಷ್ಟು ಹೊತ್ತು ಹಿಡೀತು?”

“ಒಂದು... ಒಂದೂವರೆ ಗಂಟೆ. ವಾಪಸ್ ಕಳಿಸಬೇಡ್ವೇ, ನಿನ್ನ ದಮ್ಮಯ್ಯ!”

“ಓಹೋ. ಒಂದೂವರೆ ಗಂಟೆ.” ಆಕೆ ನೆಟ್ಟಗೆ ಹೋಗಿ ಎರಡು ಸ್ಪೀಕರುಗಳ ಕೆಳಗಿದ್ದ ಆ ಆರಾಮಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದಳು. “ಬಲಗಡೆ, ಕೆಳಗಡೆ, ಕೊನೇದು,” ಎಂದು ಬಾಯಿ ಅಗಲವಾಗಿ ತೆರೆದಳು.

ಏಣಿ ಮಡಚುತ್ತಿದ್ದ ಮೇಸ್ತ್ರಿ ಮೆಲ್ಲಗೆ ಕೆಮ್ಮಿದ.

“ಎದುರಿಗಿರೋರ ಬಲ, ಡಾಕ್ಟ್ರೇ.”